ಇಂಜಿನ್ ತೆಗೆದು ಮೋಟಾರು ಕೂರಿಸುವ ಮುನ್ನ

ಕೆರಾಡಿಯಂಥ ಊರಿನಲ್ಲಿ ಯಾರ ತೋಟದ ಬಾವಿಯ ಬಳಿ ನಿಂತು ಕೇಳಿದರೂ ಉತ್ತರ ಒಂದೇ: ಎಣ್ಣೆಯದು ಇಂಜಿನ್, ಕರೆಂಟಿನದು ಮೋಟಾರು. ಈ ವಿಂಗಡಣೆ ಸರಿಯಾದುದೇ. ಗೊಂದಲವಿರುವುದು ರಸ್ತೆಯ ಮೇಲೆ. ಡೀಸೆಲ್ ಇಂಜಿನ್ನಿನಿಂದ ಓಡುವ ಬಸ್ಸನ್ನು ನಮ್ಮ ಹಿರಿಯರು ‘ಮೋಟಾರು’ ಎಂದರು. 1988ರ ಕಾಯ್ದೆಯ ಹೆಸರೂ ಮೋಟಾರು ವಾಹನಗಳ ಕಾಯ್ದೆಯೇ. ಎರಡೂ ಲ್ಯಾಟಿನ್ ಮೂಲದ ಮಾತುಗಳು. ಇಂಜಿನ್ ಎಂಬುದರ ಬೇರಿನಲ್ಲಿರುವುದು ಜಾಣ್ಮೆ. ಮೋಟಾರು ಎಂದರೆ ಚಲನೆ ಕೊಡುವಂಥದು. ಇಂಗ್ಲಿಷ್ ಮಾತನಾಡುವವರೂ ಇವನ್ನು ಬೆರೆಸಿ ಬಳಸುತ್ತಾರೆ. ಆದರೆ ಕರೆಂಟಿನ ಮೋಟಾರನ್ನು ಮಾತ್ರ ಅವರು ಇಂಜಿನ್ ಎನ್ನುವುದಿಲ್ಲ.

ಹೆಸರು ಹಾಗಿರಲಿ, ರೈತರಿಗೆ ಬೇಕಾದುದು ಇವುಗಳ ಗುಣ. ಇಂಜಿನ್ ತನ್ನೊಳಗೇ ಎಣ್ಣೆ ಸುಟ್ಟು ಶಕ್ತಿ ಪಡೆಯುತ್ತದೆ. ಮೋಟಾರಿಗೆ ಶಕ್ತಿ ಬರುವುದು ಹೊರಗಿನಿಂದ. ನಮ್ಮ ತಾಲ್ಲೂಕಿನ ಹೊಸಂಗಡಿಯಲ್ಲಿ ನೆಲದಡಿಯ ವಿದ್ಯುದಾಗಾರದೊಳಗೆ ವಾರಾಹಿಯ ನೀರು ಯಂತ್ರ ತಿರುಗಿಸಿ ಕರೆಂಟು ಹುಟ್ಟಿಸುತ್ತದೆ. ಅಂಥ ಕರೆಂಟು ತಂತಿಯಲ್ಲಿ ಬಂದು ನಿಮ್ಮ ಮೋಟಾರನ್ನು ತಿರುಗಿಸುತ್ತದೆ.

ಆದ್ದರಿಂದಲೇ ಭಾರ ಹೆಚ್ಚಾದಾಗ ಇವೆರಡರ ನಡತೆ ಬೇರೆ. ಇಂಜಿನ್ ಹೊಗೆ ಕಾರುತ್ತದೆ, ವೇಗ ತಗ್ಗುತ್ತದೆ, ಕೊನೆಗೆ ನಿಂತುಬಿಡುತ್ತದೆ. ಅಂದರೆ ನಿಮಗೆ ಮೊದಲೇ ತಿಳಿಸುತ್ತದೆ. ಮೋಟಾರು ಹಾಗಲ್ಲ. ವೇಗ ಅಷ್ಟಾಗಿ ತಗ್ಗಿಸದೆ ಹೆಚ್ಚು ಹೆಚ್ಚು ಕರೆಂಟು ಎಳೆದುಕೊಂಡು ಒಳಗೇ ಕಾಯುತ್ತದೆ. ಸುರುಳಿ ಸುಟ್ಟ ವಾಸನೆ ಬರುವಾಗ ಕಾಲ ಮಿಂಚಿರುತ್ತದೆ. ವೋಲ್ಟೇಜು ಬಿದ್ದಾಗಲೂ, ಮೂರು ಫೇಸಿನಲ್ಲಿ ಒಂದು ತಪ್ಪಿದಾಗಲೂ ಇದೇ ಗತಿ. ಇದನ್ನು ತಡೆಯಲೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇದೆ. ಪದೇ ಪದೇ ಕರೆಂಟು ಕಡಿಯುತ್ತದೆಂದು ಅದನ್ನು ತಪ್ಪಿಸಿ ನೇರ ತಂತಿ ಕೊಡಿಸುವವರಿದ್ದಾರೆ. ಬೊಗಳುವ ನಾಯಿಯ ಬಾಯಿ ಕಟ್ಟಿ ಮಲಗಿದಂತೆ!

ಇನ್ನೊಂದು ಮಾತು. ಹಳೆಯ ಇಂಜಿನ್ ಮಾರಿ, ಅದೇ ಪಂಪಿಗೆ ಮೋಟಾರು ಜೋಡಿಸುವ ಯೋಚನೆ ನಿಮಗಿದ್ದರೆ ವೇಗವನ್ನು ನೋಡಲೇಬೇಕು. ಪಂಪಿಗೆ ಜೋಡಿಸುವ ಡೀಸೆಲ್ ಇಂಜಿನ್ನುಗಳಲ್ಲಿ ಅನೇಕವು ನಿಮಿಷಕ್ಕೆ 1,500 ಸುತ್ತಿನವು. ಎರಡು ಪೋಲಿನ ಮೋಟಾರು ಸುಮಾರು 2,880 ಸುತ್ತು ತಿರುಗುತ್ತದೆ. ವೇಗ ಇಮ್ಮಡಿಯಾದರೆ ಪಂಪು ಬೇಡುವ ಶಕ್ತಿ ಇಮ್ಮಡಿಯಲ್ಲ, ಹೆಚ್ಚುಕಡಿಮೆ ಎಂಟು ಪಟ್ಟು. 5 ಎಚ್.ಪಿ. ತೆಗೆದು 5 ಎಚ್.ಪಿ. ಹಾಕಿದೆ, ಆದರೂ ಸುಟ್ಟಿತು ಎಂದು ಅಂಗಡಿಯವರನ್ನು ದೂರಿ ಫಲವಿಲ್ಲ. ಅಂಥ ಪಂಪಿಗೆ 1,440 ಸುತ್ತಿನ, ಅಂದರೆ ನಾಲ್ಕು ಪೋಲಿನ ಮೋಟಾರು ಹೊಂದುತ್ತದೆ. ಬೆಲ್ಟಿನಲ್ಲಿ ನಡೆಸುವುದಾದರೆ ರಾಟೆಯ ಅಳತೆ ಬದಲಿಸಿಯೂ ವೇಗ ಸರಿಪಡಿಸಬಹುದು.

ತಿರುಗುವ ದಿಕ್ಕನ್ನೂ ಗಮನಿಸಿ. ಇಂಜಿನ್ ಒಂದೇ ಕಡೆಗೆ ತಿರುಗುತ್ತದೆ. ಮೂರು ಫೇಸಿನ ಮೋಟಾರಿನಲ್ಲಿ ಯಾವುದಾದರೂ ಎರಡು ತಂತಿ ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗೀತು. ಆಗ ಪಂಪು ನೀರೆತ್ತಿದರೂ ಬಹಳ ಕಡಿಮೆ. ಪಂಪಿನ ಮೈಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಿ. ತಪ್ಪಿದ್ದರೆ ಮೇನ್ ಬಂದ್ ಮಾಡಿಸಿ, ಬಲ್ಲವರಿಂದಲೇ ತಂತಿ ಬದಲಿಸಿಕೊಳ್ಳಿ.

ಮೋಟಾರು ಕೊಳ್ಳಲು ಕುಂದಾಪುರಕ್ಕೆ ಹೊರಡುವ ದಿನ ಪಂಪಿನ ತಗಡಿನ ಮೇಲಿರುವ ಎಚ್.ಪಿ., ಸುತ್ತು ಮತ್ತು ನೀರೆತ್ತುವ ಎತ್ತರ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಗಡು ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ, ಅಕ್ಷರ ಕಂಡೀತು.