ಅಟ್ಟ ಹತ್ತಿದ್ದು ಇಳಿಯುವುದಿಲ್ಲವೇಕೆ?

ಯುಗಾದಿಗೆ ಸುಣ್ಣ ಬಳಿಯುವ ಮುನ್ನ ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಅಟ್ಟದ ಸಾಮಾನು ಅಂಗಳಕ್ಕೆ ಇಳಿಯುತ್ತದೆ. ತಳ ತೂತಾದ ಬಿಂದಿಗೆ, ಕಾಲು ಮುರಿದ ಕುರ್ಚಿ, ಸುತ್ತಿಟ್ಟ ಪೈಪು, ಹತ್ತಾರು ಪ್ಲಾಸ್ಟಿಕ್ ಡಬ್ಬ. ಸೊಸೆ 'ಗುಜರಿಗೆ ಹಾಕನ' ಎಂದರೆ ಅತ್ತೆ 'ಇರ್ಲಿ ಬುಡವ್ವ, ಯಾವತ್ತಾರ ಬೇಕಾಯ್ತದೆ' ಎನ್ನುತ್ತಾರೆ. ಹಬ್ಬ ಮುಗಿಯುವಷ್ಟರಲ್ಲಿ ಮುಕ್ಕಾಲು ಪಾಲು ಮತ್ತೆ ಅಟ್ಟ ಸೇರಿರುತ್ತದೆ.

ಅತ್ತೆಯ ಮಾತು ಬರಿಯ ಹಟವಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿ.ಸಿ. ನಾಲೆಯಲ್ಲಿ ಹರಿಯತೊಡಗಿದ್ದು 1930ರ ದಶಕದಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಬಹುಪಾಲು ಹೊಲ ಮಳೆಯನ್ನೇ ನಂಬಿತ್ತು. 1876–78ರ ಬರಗಾಲದಲ್ಲಿ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ಇಂಥ ಸೀಮೆಯಲ್ಲಿ ಕೂಡಿಡುವುದೇ ವಿಮೆ. ರಾಗಿಗೆಂದು ಗಟ್ಟಿ ನೆಲದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುಗಳೂ ಉಸಿರಾಡಿದಂತೆ ಆಮ್ಲಜನಕ ತಗ್ಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹುಳು ಉಳಿಯುವುದಿಲ್ಲ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಬಾಯಿ ತೆರೆದ ಕೂಡಲೇ ಇಳಿದವರ ಪ್ರಾಣಕ್ಕೇ ಅಪಾಯವಿದ್ದುದರಿಂದ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು.

ಬರದ ಭಯ ಕಾಣದ ಮೊಮ್ಮಕ್ಕಳಿಗೂ ಹಳೆಯ ಮೊಬೈಲ್ ಬಿಸಾಡಲು ಮನಸ್ಸು ಬಾರದು. ಇದಕ್ಕೆ ಉತ್ತರ ಮನೋವಿಜ್ಞಾನದಲ್ಲಿದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಮಗ್ ಸಿಗದವರು ಕೊಡಲೊಪ್ಪಿದ ಬೆಲೆಗಿಂತ ಅವರು ಹೇಳಿದ್ದು ಸುಮಾರು ಎರಡು ಪಟ್ಟು! ಕೈಗೆ ಬಂದು ಕೆಲವೇ ನಿಮಿಷವಾಗಿದ್ದರೂ ಅದು 'ನನ್ನದು' ಆಗಿಬಿಟ್ಟಿತ್ತು. ಇದೇ ಎಂಡೋಮೆಂಟ್ ಎಫೆಕ್ಟ್. ಸಿಗುವ ಲಾಭಕ್ಕಿಂತ ಕಳೆದುಕೊಳ್ಳುವ ನಷ್ಟವೇ ಮನಸ್ಸಿಗೆ ದೊಡ್ಡದು.

ಹಗೇವಿಗೂ ಅಟ್ಟಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಹಗೇವಿಗೆ ಹಾಕಿದ್ದನ್ನು ತೆಗೆಯಲು ಒಂದು ಕಾಲ, ಒಂದು ಕಾರಣ ಇತ್ತು. ಅಟ್ಟಕ್ಕೆ ಏರುವ ದಾರಿ ಇದೆ, ಇಳಿಯುವ ನಿಯಮ ಇಲ್ಲ. ಹಿಂದೆ ಮನೆಯ ಕಸವೆಲ್ಲ ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ ಡಬ್ಬ ತಿಪ್ಪೆಯಲ್ಲೂ ಕರಗದು.

ಹಾಗೆಂದು ಕೂಡಿಡುವವರೆಲ್ಲ ರೋಗಿಗಳಲ್ಲ. ಸಾಮಾನು ತುಂಬಿ ಅಡುಗೆಮನೆ, ಹಾಸಿಗೆಯೂ ಬಳಕೆಗೆ ಬಾರದೆ, ಒಂದು ಚೀಟಿ ಎಸೆಯುವುದೂ ಸಂಕಟವಾದರೆ ಅದು ಬೇರೆ ಮಾತು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು 'ಹೋರ್ಡಿಂಗ್ ಡಿಸಾರ್ಡರ್' ಎಂಬ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿತು. ಅಂಥವರಿಲ್ಲದಾಗ ಮನೆ ಖಾಲಿ ಮಾಡಿದರೆ ಸಂಕಟ ಹೆಚ್ಚುತ್ತದೆ, ಅಭ್ಯಾಸ ಹೋಗುವುದಿಲ್ಲ. ಅವರಿಗೆ ಬೇಕಾದದ್ದು ತಜ್ಞರ ನೆರವು.

ಉಳಿದ ಮನೆಗಳಿಗೆ ಒಂದು ಪ್ರಶ್ನೆ ಸಾಕು: 'ಇದು ನಮ್ಮದಲ್ಲದೆ ಸಂತೆಯಲ್ಲಿ ಕಂಡಿದ್ದರೆ, ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆವಾ?' ಒಡೆತನದ ಮೋಹವನ್ನು ಕಳಚಿಟ್ಟು ಕೇಳುವ ಪ್ರಶ್ನೆ ಇದು. ಬಿಂದಿಗೆಗೆ 'ಹೂಂ' ಎಂಬ ಉತ್ತರ ಬಂದರೆ ಬೆಸುಗೆ ಹಾಕಿಸಿ ಬಳಸಿ. 'ಊಹೂಂ' ಎಂದರೆ ಗುಜರಿಯವನನ್ನು ಕರೆಯಿರಿ. ಆದರೆ ಕರೆಯುವವರು ಅತ್ತೆಯೇ ಆಗಿರಲಿ.