ಮನೋರೋಗಕ್ಕೂ ಇಎಸ್‌ಐ ಹಣ ಉಂಟು: ರಾಜೀನಾಮೆಗೆ ಮುನ್ನ ಓದಿ

ಹೊಸೂರು: ಸಿಪ್‌ಕಾಟ್ ಕಾರ್ಖಾನೆಗಳಿಗೆ ಬಾಗಲೂರು, ಡೆಂಕಣಿಕೋಟೆ ಕಡೆಯಿಂದ ಬರುವ ನಮ್ಮವರು ಕೈ ಮುರಿದರೆ ಇಎಸ್‌ಐ ಆಸ್ಪತ್ರೆಗೆ ಓಡುತ್ತಾರೆ. ಮನಸ್ಸು ಕೆಟ್ಟರೆ ಮಾತ್ರ ಯಾರಿಗೂ ಹೇಳದೆ ಕೆಲಸ ಬಿಡುತ್ತಾರೆ. ಮನೆಯವರು ತಾಯಿತ ಕಟ್ಟಿಸಿ ಸುಸ್ತಾಗುವಷ್ಟರಲ್ಲಿ ಹಕ್ಕಿನ ಹಣವೂ ಕೈತಪ್ಪಿರುತ್ತದೆ.

ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಕಾಯಿಲೆ ರಜೆಗೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನ. ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಸಂದಿರಬೇಕು. ಗೋಜಲು ಇರುವುದು ಇಲ್ಲಿ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ.

ಹಲವರಿಗೆ ತಿಳಿಯದ ಇನ್ನೊಂದು ಸಂಗತಿ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಕ್ಷಯ, ಕ್ಯಾನ್ಸರ್ ಜೊತೆಗೆ ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗಗಳೂ ಇವೆ. ಎರಡು ವರ್ಷ ಸತತ ದುಡಿದು, ನಾಲ್ಕು ವಂತಿಗೆ ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಇದ್ದರೆ ಶೇ. 80ರಷ್ಟು ಹಣ, ಗರಿಷ್ಠ ಎರಡು ವರ್ಷದವರೆಗೆ.

ನಿಮ್ಹಾನ್ಸ್ ಹತ್ತಿರವೆಂದು ನೇರ ಬೆಂಗಳೂರಿಗೆ ಹೋಗುವವರಿದ್ದಾರೆ. ಚಿಕಿತ್ಸೆಗೆ ಸರಿಯೇ. ಆದರೆ ಆ ಚೀಟಿಗಳನ್ನು ಇಎಸ್‌ಐ ವೈದ್ಯರಿಗೆ ತೋರಿಸಿ ರಜೆಯ ಪ್ರಮಾಣಪತ್ರ ಪಡೆಯಿರಿ; ಹಣ ನಿಂತಿರುವುದು ಅದರ ಮೇಲೆ. ರಾಜೀನಾಮೆ ಕಾಗದ ಅಲ್ಲಿಯತನಕ ಜೇಬಿನಲ್ಲೇ ಇರಲಿ. ಈ ಭತ್ಯೆ ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದವರಿಗೆ, ಸುಮ್ಮನೆ ಬಿಟ್ಟವರಿಗಲ್ಲ.

ಈಗಾಗಲೇ ಬಿಟ್ಟಾಗಿದೆಯೇ? ವಿಮಾ ಸಂಖ್ಯೆ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ, ವಂತಿಗೆ ದಿನಗಳ ಲೆಕ್ಕ ಕೇಳಿ. ರೋಗಿ ಮಾತಾಡಲೊಪ್ಪದಿದ್ದರೆ ಮನೆಯವರು ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.