ಹಿಡಕಲ್ದಾಗ ಎಷ್ಟು ಬಿಟ್ಟಾರಂತ?

ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಗುರುತಿನವರು ಎದುರಾದರೆ "ಆರಾಮ ಅದೀರಿ?" ಎಂದು ಕೇಳುವುದು ವಾಡಿಕೆ. ಆದರೆ ಮಳೆಗಾಲ ಬಂತೆಂದರೆ ಆ ಮಾತಿಗೆ ರಜೆ. ಆಗ ಕೇಳುವುದು ಒಂದೇ: "ಹಿಡಕಲ್ದಾಗ ಎಷ್ಟು ಬಿಟ್ಟಾರಂತ?"

ಜಿಟಿಜಿಟಿ ಮಳೆ ಹಿಡಿದ ಒಂದು ಸಂಜೆ ನಾನು ಮೂಡಲಗಿ ಬಸ್ಸಿನ ಹಾದಿ ಕಾಯುತ್ತ ನಿಂತಿದ್ದೆ. ಬಗಲಲ್ಲಿ ಇಬ್ಬರು ಹಮಾಲರು, ಒಬ್ಬ ಕಾಲೇಜು ಹುಡುಗ, ಖಾಲಿ ಬುಟ್ಟಿ ಹಿಡಿದು ಕೂತ ಮೇಲವಂಕಿಯ ಒಬ್ಬ ಹಿರಿಯ ತಾಯಿ. ಹುಡುಗ ಮೊಬೈಲ್ ನೋಡುತ್ತ ಒಂದು ಅಂಕಿ ಓದಿದ. ಹಮಾಲ ಅದನ್ನು ಒಪ್ಪಲಿಲ್ಲ.

"ಅದು ಮುಂಜಾನೆ ಸುದ್ದಿ ತಮ್ಮಾ. ಈಗ ಹೆಚ್ಚ ಮಾಡ್ಯಾರ."

"ಯಾರು ಹೇಳಿದ್ರು ಕಾಕಾ?"

"ಯಾರರೆ ಹೇಳಬೇಕೇನು? ಹೊಳಿ ಬಣ್ಣಾ ನೋಡಿ ಬಾ ಹೋಗು."

ಗೋಕಾಕದ ಬಜಾರದಲ್ಲಿ ಈಗ ಕ್ಯೂಸೆಕ್ಸ್ ಎಂಬ ಮಾತು ಶೇರು-ಕಿಲೋದಷ್ಟೇ ಬಳಕೆಯಲ್ಲಿದೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್ಸ್. ಲೀಟರಿನಲ್ಲಿ ಹೇಳಬೇಕೆಂದರೆ 28ರ ಮೇಲೆ ಸ್ವಲ್ಪ, ನಮ್ಮ ಹೆಣ್ಣುಮಕ್ಕಳ ಲೆಕ್ಕದಲ್ಲಿ ಎರಡು ಕೊಡ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಲಕ್ಷ ಕ್ಯೂಸೆಕ್ಸ್ ಅಂದರೆ ಎರಡು ಲಕ್ಷ ಕೊಡ. ಅದೇ ಪ್ರಮಾಣದಲ್ಲಿ ಒಂದು ಪೂರ್ತಿ ದಿನ ಹರಿದರೆ ಎಂಟೂವರೆ ಟಿಎಂಸಿ ಮೀರುತ್ತದೆ. ಹಿಡಕಲ್ ಡ್ಯಾಮಿನ ಹೊಟ್ಟೆಯೇ 51 ಟಿಎಂಸಿ. ಈ ಲೆಕ್ಕವನ್ನು ನನಗೆ ಹೇಳಿಕೊಟ್ಟವರು ಇಂಜಿನಿಯರರಲ್ಲ, ಕಿರಾಣಿ ಅಂಗಡಿಯ ಒಬ್ಬ ಸಾವಕಾರರು. ಬೆಲ್ಲದ ಚೀಟಿಯ ಹಿಂದೆ ಪೆನ್ಸಿಲಿನಿಂದ ಬರೆದು ತೋರಿಸಿದರು.

ಬರೇ ಹಿಡಕಲ್ ಒಂದೇ ಆಗಿದ್ದರೆ ಲೆಕ್ಕ ಸೋವಿ ಇರುತ್ತಿತ್ತು. ಗೋಕಾಕಕ್ಕೆ ಬರುವ ನೀರು ಮೂರು ಮನೆಯದು. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ ಬಿಟ್ಟದ್ದು ಒಂದು. ಅಂಬೋಲಿ ಘಟ್ಟದಲ್ಲಿ ಹುಟ್ಟಿ, ಸಂಕೇಶ್ವರದ ಮಗ್ಗುಲಿಂದ ಬಂದು ಡ್ಯಾಮಿನ ಕೆಳಗೆ ಘಟಪ್ರಭೆಗೆ ಕೂಡುವ ಹಿರಣ್ಯಕೇಶಿ ಇನ್ನೊಂದು. ಬೆಳಗಾವಿ ಕಡೆಯ ಮಳೆಯನ್ನೆಲ್ಲ ಹೊತ್ತು ಬಂದು ಗೋಕಾಕದ ಹತ್ತಿರವೇ ಸೇರುವ ಮಾರ್ಕಂಡೇಯ ಮೂರನೆಯದು. ಡ್ಯಾಮಿನ ಬಾಗಿಲು ಇಳಿಸಿದರೂ ಹಿರಣ್ಯಕೇಶಿಗೆ ಬಾಗಿಲು ಹಾಕುವವರು ಯಾರು? ಅದಕ್ಕೇ ಹಿಡಕಲ್ ಅಂಕಿ ಒಂದನ್ನೇ ನಂಬಿ ಮಲಗಿದವರು ನಡುರಾತ್ರಿ ಎದ್ದದ್ದುಂಟು. ಹೊಸಬರಿಗೆ ಇದು ತಿಳಿಯುವುದಿಲ್ಲ. ಹಳೆಯ ವ್ಯಾಪಾರಸ್ಥರು ಮೂರೂ ಕಡೆಯ ಸುದ್ದಿ ಕೂಡಿಸಿಕೊಂಡೇ ಅಂಗಡಿಯ ಚೀಲ ಎತ್ತುವ ಮಾತು ಆಡುತ್ತಾರೆ.

2018ರಲ್ಲಿ ಮೂಡಲಗಿ ಬೇರೆ ತಾಲೂಕಾಯಿತು. ಹೊಳೆಗೆ ಮಾತ್ರ ಇದು ಯಾರೂ ತಿಳಿಸಿದಂತಿಲ್ಲ, ಎರಡೂ ತಾಲೂಕಿನ ಹೊಲದೊಳಗೆ ಒಂದೇ ದಿನ ಬರುತ್ತದೆ. (ಗೋಕಾಕ ಜಿಲ್ಲೆಯಾಗುವ ವಿಷಯ ಬೇರೆ. 1997ರಲ್ಲಿ ಘೋಷಣೆಯಾಗಿ ಮತ್ತೆ ಹಿಂದಕ್ಕೆ ಸರಿದ ಆ ಮಾತನ್ನು ನಮ್ಮ ಚಹಾದಂಗಡಿಯವರು ಬೇಸಿಗೆಗೆ ಕಾದಿಡುತ್ತಾರೆ.)

2019 ಎಂದರೆ ಇಲ್ಲಿ ಇಸವಿಯಲ್ಲ, ಗೋಡೆಯ ಮೇಲಿನ ಗೆರೆ. ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಪಂಚಮಿ ಎಂದರೆ ನಮ್ಮ ಕಡೆ ಕಿರಾಣಿ ಅಂಗಡಿಯವರಿಗೆ ಸುಗ್ಗಿ. ಶೇಂಗಾ, ಎಳ್ಳು, ಬೆಲ್ಲ, ಪುಠಾಣಿ, ಕೊಬ್ಬರಿ ಎಲ್ಲ ಚೀಲಗಟ್ಟಲೆ ತರಿಸಿರುತ್ತಾರೆ. ಮನೆ ಮನೆಯಲ್ಲಿ ಉಂಡಿ ಕಟ್ಟಿದ್ದರು, ಹೆಣ್ಣುಮಕ್ಕಳು ತವರಿಗೆ ಬಂದಿದ್ದರು. ಅದೇ ವಾರ ಘಟಪ್ರಭೆ ಊರೊಳಗೆ ಬಂದಳು. ಡಬ್ಬಿಯೊಳಗಿನ ಉಂಡಿ ಡಬ್ಬಿಯಲ್ಲೇ ಉಳಿಯಿತು. ತವರಿಗೆ ಬಂದವರು ಗಂಡನ ಮನೆಗೆ ಹೋಗಲು ದಾರಿಯಿಲ್ಲದೆ, ತವರುಮನೆಯೂ ನಿಲ್ಲಲು ಆಗದೆ, ಗಂಜಿ ಕೇಂದ್ರದಲ್ಲಿ ಕೂತರು.

ಬೆಲ್ಲದ ಚೀಟಿಯ ಮೇಲೆ ಲೆಕ್ಕ ಬರೆದ ಆ ಸಾವಕಾರರ ಅಂಗಡಿಯೂ ಆಗ ಮುಳುಗಿತ್ತು. ಚೀಲ ಹೋದದ್ದಕ್ಕಿಂತ ಅವರಿಗೆ ಹೆಚ್ಚು ಸಂಕಟ ಆದದ್ದು ಉದ್ರಿ ಪುಸ್ತಕದ್ದು. ಗಡಿಬಿಡಿಯಲ್ಲಿ ತಕ್ಕಡಿ ಎತ್ತಿಟ್ಟರು, ಎಣ್ಣೆ ಡಬ್ಬಿ ಎತ್ತಿಟ್ಟರು, ದೇವರ ಫೋಟೋ ತೆಗೆದುಕೊಂಡರು. ಪುಸ್ತಕ ಗಲ್ಲೆಯಲ್ಲೇ ಉಳಿಯಿತು. ನೀರು ಇಳಿದ ಮೇಲೆ ತೆಗೆದು ನೋಡಿದರೆ ಹಾಳೆಗೆ ಹಾಳೆ ಅಂಟಿ ಹಂಚಿನಂತಾಗಿತ್ತು, ಶಾಯಿ ಹರಿದು ನೀಲಿ ನೀರು.

"ಯಾರ ಹತ್ರ ಏನಂತ ಕೇಳಲಿರಿ? ಅವರ ಮನೀನೂ ನೀರಾಗ ಹೋಗಿತ್ತು," ಎಂದರು.

ಕೇಳಲಿಲ್ಲ. ಅಂಗಡಿ ತೊಳೆದು, ಕೆಸರು ಬಳಿದು, ಸುಣ್ಣ ಹಚ್ಚಿ, ಎರಡು ಚೀಲ ಅಕ್ಕಿಯಿಂದ ಮತ್ತೆ ಶುರು ಮಾಡಿದರು. ದೀಪಾವಳಿ ಹೊತ್ತಿಗೆ ಹಳ್ಳಿ ಕಡೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬರಹತ್ತಿದರು. ಹೊಳೆ ದಂಡೆಯ ಊರಿನ ಒಬ್ಬ ಹೆಣ್ಣುಮಗಳು ಬಂದು, "ಸಾವಕಾರ್ರ, ನಮ್ದು ಜೋಳ, ಎಣ್ಣಿ, ಸಬಕಾರ ಕೂಡಿ ಇಷ್ಟ ಬಾಕಿ ಇತ್ತು ನೋಡ್ರಿ" ಎಂದು ಸೆರಗಿನ ಗಂಟು ಬಿಚ್ಚಿ ಅರ್ಧ ದುಡ್ಡು ಇಟ್ಟಳಂತೆ. ಉಳಿದ ಅರ್ಧ ಕಬ್ಬಿನ ಬಿಲ್ಲು ಬಂದಾಗ. ಎಲ್ಲರೂ ಹಾಗೆ ಬಂದರೆಂದು ನಾನು ಬರೆಯುವುದಿಲ್ಲ, ಸಾವಕಾರರೂ ಹೇಳಲಿಲ್ಲ. ಕೆಲವರು ಆ ಓಣಿ ಬಿಟ್ಟು ಬೇರೆ ಓಣಿಯಿಂದ ತಿರುಗಾಡಹತ್ತಿದರು. ಅವರ ಹೆಸರು ಕೇಳಿದೆ. "ಅದೆಲ್ಲಾ ಬ್ಯಾಡ ಬಿಡ್ರಿ, ಅವರಿಗೂ ಏನ್ ಅಡಚಣಿ ಇತ್ತೋ," ಎಂದು ಚಹಾ ತರಿಸಿದರು. ಈಗ ಮಳೆ ಶುರುವಾಯಿತೆಂದರೆ ಉದ್ರಿ ಪುಸ್ತಕ ದಿನಾ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅವರ ಸಂಗಡ ಮನೆಗೆ ಹೋಗುತ್ತದೆ. ಮನೆ ಎತ್ತರದಲ್ಲಿದೆ.

ಆ ವರ್ಷ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಎಂದು ಸರಕಾರ ಹೇಳಿತು, ತುರ್ತಿಗೆ ಹತ್ತು ಸಾವಿರ ಕೊಟ್ಟಿತು. ಅಂಗಡಿಯವರ ಪ್ರಶ್ನೆ ಇಂದಿಗೂ ಬಜಾರದಲ್ಲಿ ತಿರುಗುತ್ತಿದೆ: ಗೋಡೆ ನಿಂತಿದೆ, ಒಳಗಿನ ಮಾಲು ಹೋಗಿದೆ, ಇದನ್ನು ಯಾವ ಪಂಚನಾಮೆಯಲ್ಲಿ ಬರೆಯುವುದು?

ಎತ್ತರದ ಮನೆಯವರಿಗೆ ಮಾತ್ರ ಚಿಂತೆ ಇಲ್ಲ ಎನ್ನುವಂತಿಲ್ಲ. ಅದೇ 2019ರ ಅಕ್ಟೋಬರದಲ್ಲಿ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆ ಜಾರುವ ಹಾಗೆ ಆಗಿ ಕೆಳಗಿನ ಜನ ಮನೆ ಬಿಟ್ಟು ಓಡಬೇಕಾಯಿತು. ಕೆಳಗೆ ಹೊಳೆ, ಮೇಲೆ ಬಂಡೆ!

ಇನ್ನು ನಮ್ಮ ಫಾಲ್ಸಿನ ಕಥೆ. ಊರಿಂದ ಆರು ಕಿಲೋಮೀಟರು ದೂರ, 52 ಮೀಟರು ಎತ್ತರದಿಂದ ಘಟಪ್ರಭೆ ಬೀಳುವ ಜಾಗ. ಮಗ್ಗುಲಲ್ಲಿ ಹತ್ತೊಂಬತ್ತನೇ ಶತಮಾನದ ನೂಲಿನ ಗಿರಣಿ, ಮೇಲೆ ತೂಗುಸೇತುವೆ. ನೀರು ಕೆಂಪಾಗಿ ದಂಡೆಯಿಂದ ದಂಡೆಗೆ ತುಂಬಿ ಬಿದ್ದಾಗ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರದಿಂದ ಕಾರುಗಟ್ಟಲೆ ಜನ ಬರುತ್ತಾರೆ. ಮೆಕ್ಕೆತೆನೆ ಮಾರುವವರಿಗೆ, ಚಹಾದವರಿಗೆ ಕೈತುಂಬ ಕೆಲಸ. ಫೋಟೋ ತೆಗೆಸಿಕೊಂಡವರು ಹೋಗುವಾಗ ಊರಲ್ಲಿ ಗಾಡಿ ನಿಲ್ಲಿಸಿ ಕರದಂಟು ಕಟ್ಟಿಸಿಕೊಳ್ಳುತ್ತಾರೆ. ಕರದಂಟಿನ ಅಂಗಡಿಯಲ್ಲಿ ಒಬ್ಬರು, "ಫಾಲ್ಸ್ ಭಾಳ ಮಸ್ತ್ ಐತ್ರಿ ಈ ಸಲ!" ಎಂದರು. ಅಂಗಡಿಯ ಅಣ್ಣಾರು ನಕ್ಕು ಪೊಟ್ಟಣ ಕಟ್ಟಿಕೊಟ್ಟು, ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು. "ಅಲ್ಲಿ ಮಸ್ತ್ ಆತಂದ್ರ ಇಲ್ಲಿ ನಮ್ದು ಸುಸ್ತ್." ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಥಂಡಿ ಹಿಡಿದರೆ ಮುಗಿಯಿತು. ಕರಿದ ಅಂಟು ತಂಪು ಎಳೆದುಕೊಂಡರೆ ಕಟಕಟ ಎನ್ನಬೇಕಾದ್ದು ಜಿಗಿ ಆಗುತ್ತದೆ. ಹೊಳೆ ಅಂಗಡಿಯೊಳಗೆ ಬರಬೇಕೆಂದೇನೂ ಇಲ್ಲ, ಓಣಿಯ ತುದಿಗೆ ಬಂದು ನಾಲ್ಕು ದಿನ ನಿಂತರೂ ಸಾಕು.

ಬಸ್ಸಿನವರ ಚಿಂತೆ ಲೋಳಸೂರ ಸೇತುವೆ. 2019ರಲ್ಲಿ ಮುಳುಗಿತು, 2024ರ ಜುಲೈಯಲ್ಲಿ ಮತ್ತೆ ನೀರು ಮೇಲೆ ಹತ್ತಿತು. ಅದು ಬಂದ್ ಆಯಿತೆಂದರೆ ಮೂಡಲಗಿ ಕಡೆಯವರು, ಘಟಪ್ರಭಾ ಸ್ಟೇಷನ್ನಿಗೆ ಹೋಗುವವರು ಸುತ್ತುದಾರಿ ಹುಡುಕಬೇಕು. ಸಾಲಿ ಮಾಸ್ತರರು, ನರ್ಸಬಾಯಿಗಳು, ಕೋರ್ಟಿನ ತಾರೀಖಿಗೆ ಬಂದವರು, ದಿನಾ ಹಾಲು ತರುವವರು, ಎಲ್ಲರೂ ಒಂದು ದಂಡೆಯಲ್ಲಿ ನಿಂತು ಇನ್ನೊಂದು ದಂಡೆಯ ಮನೆಗೆ ಫೋನು ಹಚ್ಚುತ್ತಾರೆ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟು ಮಾಫಿಯಾದಾಗ ಬಸ್ಸಿನಲ್ಲಿ ಕೂಡಲು ಜಾಗವಿಲ್ಲ ಎಂದು ಗಂಡಸರು ಗೊಣಗಿದ್ದರು. ಸೇತುವೆ ಬಂದ್ ಆದ ದಿನ ಗೊಣಗಲಿಕ್ಕೆ ಬಸ್ಸೇ ಇರುವುದಿಲ್ಲ.

ಇಂಥ ದಿನಗಳಲ್ಲಿ ನೀರಿಗಿಂತ ಜೋರಾಗಿ ಹರಿಯುವುದು ಗಾಳಿಮಾತು. "ಎಲ್ಲಾ ಗೇಟ್ ತೆಗದಾರಂತ", "ಸೇತುವೆ ಬಿರುಕ ಬಿಟ್ಟೈತಂತ" ಎಂದು ಒಬ್ಬ ಹೇಳಿದ್ದು ತರಕಾರಿ ಮಾರ್ಕೆಟ್ಟು ಮುಟ್ಟುವಷ್ಟರಲ್ಲಿ ಎರಡು ಪಟ್ಟಾಗಿರುತ್ತದೆ. ಹೋದ ವರ್ಷದ ವೀಡಿಯೋ ಈ ವರ್ಷದ್ದೆಂದು ತಿರುಗುತ್ತದೆ. ಇದನ್ನು ನಂಬಿ ಅಗ್ಗಕ್ಕೆ ಟೊಮ್ಯಾಟೊ ಸುರಿದು ಓಡಿದವರನ್ನು ಕಂಡಿದ್ದೇನೆ. ನಂಬದೆ ಕೂತು ಮಾಲು ಕಳಕೊಂಡವರನ್ನೂ ಕಂಡಿದ್ದೇನೆ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಈ ಅಂಕಣದ ಬೇಡಿಕೆ ದೊಡ್ಡದೇನೂ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು, ತರಕಾರಿ ಮಾರ್ಕೆಟ್ಟಿನಲ್ಲಿ ಒಂದು ಕರಿ ಹಲಗೆ ಹಾಕಿ. ಹಿಡಕಲ್, ಹಿರಣ್ಯಕೇಶಿ, ಮಾರ್ಕಂಡೇಯ, ಮೂರರ ಅಂಕಿಯನ್ನೂ ದಿನಕ್ಕೆ ಮೂರು ಸಲ ಸುಣ್ಣದ ಕಡ್ಡಿಯಿಂದ ಬರೆಯಿರಿ. ಕೆಳಗೆ ಎಷ್ಟು ಗಂಟೆಗೆ ಬರೆದದ್ದು ಎಂಬುದೂ ಇರಲಿ. ಲೋಳಸೂರ ಸೇತುವೆ ಚಾಲೂ ಇದೆಯೋ ಬಂದ್ ಇದೆಯೋ ಒಂದು ಸಾಲು. ಮೇಲಿಂದ ಬಿಟ್ಟ ನೀರು ಇಲ್ಲಿ ಮುಟ್ಟಲು ಕೆಲವು ತಾಸು ಬೇಕು. ಆ ತಾಸುಗಳಲ್ಲಿ ಒಬ್ಬ ಅಂಗಡಿಕಾರ ಹತ್ತು ಚೀಲ ಅಟ್ಟಕ್ಕೆ ಏರಿಸಬಲ್ಲ, ಒಬ್ಬ ರೈತ ಎರಡು ಎಮ್ಮೆ ಬಿಚ್ಚಿ ಮೇಲಿನ ಹೊಲಕ್ಕೆ ಹೊಡೆಯಬಲ್ಲ. ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎನ್ನುವವರು ಆ ಸಂಜೆ ಬಸ್ ಸ್ಟ್ಯಾಂಡಿಗೆ ಬರಬೇಕಿತ್ತು.

ಯಾಕೆಂದರೆ ಮೇಲವಂಕಿಯ ಆ ತಾಯಿ ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದವರು ಈಗ ಹುಡುಗನನ್ನು ಕರೆದರು.

"ತಮ್ಮಾ, ಅದರಾಗ ಮೇಲವಂಕಿದು ಏನರೆ ಬರದಾರೇನೊ?"

ಹುಡುಗ ಹುಡುಕಿದ. "ಮೇಲವಂಕಿದು ಬ್ಯಾರೆ ಬರೂದಿಲ್ಲಬೇ ಆಯಿ. ಡ್ಯಾಮಿಂದ ಅಷ್ಟ ಐತಿ."

"ಡ್ಯಾಮಿಂದ ತಗೊಂಡ ನಾ ಏನ್ ಮಾಡ್ಲೊ? ನಮ್ಮ ಎಮ್ಮಿ ಹಿತ್ತಲದಾಗ ಕಟ್ಟೇನಿ. ಹಿತ್ತಲಕ್ಕ ಬರತೈತೋ ಇಲ್ಲೋ ಅಷ್ಟ ಹೇಳು."

ಹುಡುಗನಿಗೆ ಉತ್ತರ ಬರಲಿಲ್ಲ. ಹಮಾಲನೇ ಹೇಳಿದ: "ಇವತ್ತೊಂದ ರಾತ್ರಿ ಮ್ಯಾಲಿನ ಓಣ್ಯಾಗ ಯಾರ ಮನಿಮುಂದರೆ ಕಟ್ಟವಾ. ನಾಳೆ ನೋಡೂಣಂತ."

"ಹಾಂ, ಕಟ್ಟತೇನಪಾ. ಹತ್ತೊಂಬತ್ತರಾಗ ಒಂದ ಕರಾ ಹೋಗೇತಿ ನಂದು."

ಅಷ್ಟರಲ್ಲಿ ಅವರ ಬಸ್ಸು ಬಂತು. ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮಳೆಯಲ್ಲಿ ಓಡಿದರು. ಹತ್ತುವಾಗ ಕಂಡಕ್ಟರನನ್ನೂ ಬಿಡಲಿಲ್ಲ: "ಏನಪಾ, ನಿನಗರೆ ಗೊತ್ತೈತೇನು, ಎಷ್ಟು ಬಿಟ್ಟಾರಂತ?"